ಕಳಲೆ ಪಲ್ಯದ ಮೇಲಿನ ಆಪಾದನೆ ತೆಗೆದು, ಮಕ್ಕಳನ್ನು ಮೊದಲು ಊಟಕ್ಕೆ ಬಿಡುವ ಬಗ್ಗೆ

ಇಂದ:
ಶಂಕರಮ್ಮ ಕೋಂ ರೇಣುಕಪ್ಪ,
ಶಾಲೆಯ ಎದುರು ಮನೆ, ಬಿದಿರುಮಕ್ಕಿ ಗ್ರಾಮ,
ನರಸಿಂಹರಾಜಪುರ ತಾಲ್ಲೂಕು (ನಮ್ಮ ಅತ್ತೆಯವರ ಬಾಯಲ್ಲಿ ಇನ್ನೂ ಯಡೇಹಳ್ಳಿ), ಕಡೂರು ಡಿಸ್ಟ್ರಿಕ್ಟ್.

ಗೆ:
ಮ॥ ರಾ॥ ಶ್ರೀ ಸ್ಕೂಲ್ ಇನ್ಸ್‌ಪೆಕ್ಟರ್ ಸಾಹೇಬರ ಸನ್ನಿಧಿಗೆ,
ಮೊಕ್ಕಾಂ: ಈ ಕಾಗದ ಮುಟ್ಟುವ ದಿನ ಯಾವ ಊರೋ ಆ ಊರು.

ದಿನಾಂಕ: ಈಶ್ವರ ಸಂವತ್ಸರದ ಮಾಘ ಬಹುಳ. ಸರ್ಕಾರದ ಲೆಕ್ಕಕ್ಕೆ ಫೆಬ್ರವರಿ 1938.

ವಿಷಯ: ನಾಲ್ಕನೇ ಕ್ಲಾಸಿನ ಪರೀಕ್ಷೆಯ ಫಲಿತಾಂಶ ಕೆಟ್ಟಿದ್ದು ನನ್ನ ಅಡುಗೆಯಿಂದಲ್ಲವೆಂದು ಅರಿಕೆ, ಹಾಗೂ ತಾವು ಬರುವ ದಿನ ಮಕ್ಕಳ ಊಟದ ವಿಷಯದಲ್ಲಿ ಒಂದು ಆರ್ಡರ್ ಬೇಡಿಕೆ.

ಉಲ್ಲೇಖ: (1) ಹೋದ ವರ್ಷ ಫಾಲ್ಗುಣದಲ್ಲಿ ತಾವು ನಮ್ಮ ಮನೆಯಲ್ಲಿ ಊಟ ಮಾಡಿದ್ದು. (2) ಅನಂತರ ನಮ್ಮ ಜಗಲಿಯಲ್ಲಿ ನಿದ್ದೆ ಮಾಡಿದ್ದು. (3) ಅನಂತರ ಎದ್ದು ಹನ್ನೊಂದು ಮಕ್ಕಳನ್ನು ಫೇಲ್ ಮಾಡಿದ್ದು. (4) ಆ ಬಗ್ಗೆ ಬಿದಿರುಮಕ್ಕಿ ಶಾಲಾ ಸಮಿತಿಯವರು ಮಾಡಿದ ನಿರ್ಣಯ.

ಮಾನ್ಯರೇ,

ಶರಣು. ಮೇಲೆ ಕಾಣಿಸಿದ ಶಂಕರಮ್ಮ ಎಂಬ ನಾನು ತಮ್ಮಲ್ಲಿ ವಿನಯದಿಂದ ಅರಿಕೆ ಮಾಡಿಕೊಳ್ಳುತ್ತಿದ್ದೇನೆ. ಹಳ್ಳಿ ಹೆಂಗಸಿಗೆ ಈ ಕಚೇರಿ ಭಾಷೆ ಎಲ್ಲಿಂದ ಬಂತೆಂದು ತಾವು ಹುಬ್ಬೇರಿಸಬಾರದು. ನಮ್ಮೂರ ಶಾಲಾ ಸಮಿತಿಯ ಮೀಟಿಂಗು ಮೊದಲಿಂದಲೂ ನಡೆಯುವುದು ನಮ್ಮ ಮನೆ ಜಗಲಿಯಲ್ಲಿ. ಹೊರಗೆ ಅವರು ನಿರ್ಣಯ ಓದುವುದು, ಒಳಗೆ ನಾನು ಒಗ್ಗರಣೆ ಹಾಕುವುದು. ಹೀಗೆ 'ಸದರಿ', 'ಮೇಲ್ಕಂಡ', 'ಯಥೋಚಿತ ಕ್ರಮ' ಎಲ್ಲ ಸಾಸಿವೆಯ ಜೊತೆಗೇ ನನ್ನ ಕಿವಿಗೆ ಬಿದ್ದಿವೆ. ಬಾಳೆಹೊನ್ನೂರಿನ ತವರಿನಲ್ಲಿ ಮೂರನೇ ಕ್ಲಾಸಿನವರೆಗೆ ಓದಿದ್ದೇನೆ, ಆದ ಕಾರಣ ಅಕ್ಷರವೂ ನನ್ನದೇ.

ಸಮಿತಿಯ ಅಧ್ಯಕ್ಷರಾದ ಶಿವಶಂಕರಪ್ಪನವರು ನಮ್ಮ ಯಜಮಾನರ ದೊಡ್ಡಪ್ಪನ ಮಗ. ಸಂಬಂಧದಲ್ಲಿ ನನಗೆ ಬಾವ. ಆದ್ದರಿಂದ ಅವರ ಎದುರು ನಿಂತು 'ನೀವು ಹೇಳುವುದು ಸುಳ್ಳು' ಎನ್ನುವ ಹಾಗಿಲ್ಲ. ಬಾಗಿಲ ಹಿಂದೆ ನಿಂತು ಬಳೆ ಸದ್ದು ಮಾಡಿದ್ದೇನೆ, ಪಾತ್ರೆಯನ್ನು ಬೇಕೆಂದೇ ಕುಕ್ಕಿದ್ದೇನೆ, ಪ್ರಯೋಜನವಾಗಿಲ್ಲ. ಆದ ಕಾರಣ ಈ ಅರ್ಜಿ.

ನಡೆದ ಸಂಗತಿಗಳು ಈ ಪ್ರಕಾರ ಇರುತ್ತವೆ:

1. ಹೋದ ವರ್ಷ ತಾವು ಪರೀಕ್ಷೆಗೆಂದು ಬಂದವರು ಬೆಳಿಗ್ಗೆ ಇಬ್ಬರು ಮಕ್ಕಳನ್ನು ಮಾತ್ರ ಪರೀಕ್ಷೆ ಮಾಡಿದಿರಿ. ಒಬ್ಬಳು ಅಂಗಡಿ ಅಬ್ದುಲ್ ರಹಮಾನ್ ಸಾಹೇಬರ ಮಗಳು ಜಹೀರಾ, ಇನ್ನೊಬ್ಬ ಸಮಿತಿಯ ಮೆಂಬರು ಹೂವಪ್ಪನವರ ಮಗ. ಇಬ್ಬರೂ ಪಾಸು. ಅಷ್ಟರಲ್ಲಿ ಅಧ್ಯಕ್ಷರು ಬಂದು, ಎಲೆ ಹಾಕಿ ಆಗಿದೆ, ದಯಮಾಡಿಸಬೇಕು ಎಂದರು. ತಾವು ದಯಮಾಡಿಸಿದಿರಿ.

2. ಅಂದು ನಾನು ಮಾಡಿದ್ದು ಅಕ್ಕಿ ರೊಟ್ಟಿ, ಅನ್ನ, ಹುಳಿ, ಮಜ್ಜಿಗೆ ಮತ್ತು ಕಳಲೆ ಪಲ್ಯ. ತಾವು ಬಯಲುಸೀಮೆಯವರಾದ್ದರಿಂದ ಇದು ಯಾವ ತರಕಾರಿ ಎಂದು ಕೇಳಿದಿರಿ. ಎಳೆ ಬಿದಿರು, ಮಳೆಗಾಲದಲ್ಲಿ ತಂದು ಉಪ್ಪಿನಲ್ಲಿ ಹಾಕಿಟ್ಟದ್ದು ಎಂದು ನಮ್ಮ ಯಜಮಾನರು ಹೇಳಿದರು. ಬಿದಿರನ್ನು ದನ ತಿನ್ನುತ್ತದೆ ಎಂದು ತಿಳಿದಿದ್ದೆ ಎಂದು ತಾವು ನಕ್ಕಿರಿ. ಆಮೇಲೆ ಎರಡು ಸಲ ಹಾಕಿಸಿಕೊಂಡಿರಿ. ಬಡಿಸಿದವಳು ನಾನೇ ಆದ್ದರಿಂದ ಇದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

3. ಊಟವಾದ ಮೇಲೆ ಹತ್ತು ನಿಮಿಷ ಅಡ್ಡಾಗುತ್ತೇನೆ ಎಂದು ಜಗಲಿಯಲ್ಲಿ ಚಾಪೆ ಹಾಕಿಸಿಕೊಂಡಿರಿ. ತಾವು ಎದ್ದಾಗ ಬಿಸಿಲು ಹಿತ್ತಿಲ ಕಡೆಗೆ ತಿರುಗಿತ್ತು. ಇದು ದೂರಲ್ಲ. ದೊಡ್ಡ ಅಧಿಕಾರಿಗಳಿಗೂ ಆಯಾಸವಿರುತ್ತದೆ.

4. ಆದರೆ ತಮಗೆ ತಿಳಿಯದ ಸಂಗತಿ ಒಂದಿದೆ. ಅತಿಥಿ ಉಂಡು ಏಳುವವರೆಗೆ ಊರಿನವರು ಬಾಯಿಗೆ ಅನ್ನ ಹಾಕಬಾರದೆಂಬುದು ನಮ್ಮಲ್ಲಿ ನಡೆದು ಬಂದ ರೂಢಿ. ಅಂದು ಅಧ್ಯಕ್ಷರು ಇದನ್ನು ಶಾಲೆಗೂ ಅನ್ವಯಿಸಿದರು. ಸಾಹೇಬರು ಉಣ್ಣುವ ಮುಂಚೆ ಮಕ್ಕಳು ಉಣ್ಣುವುದೇ? ಕೂಡದು. ಸಾಹೇಬರು ಉಂಡ ಮೇಲಾದರೂ ಮನೆಗೆ ಬಿಡಬಹುದೇ? ಕೂಡದು, ಅವರು ಯಾವ ಗಳಿಗೆಯಲ್ಲಿ ಎದ್ದು ಬರುತ್ತಾರೋ, ಬಂದಾಗ ಕ್ಲಾಸು ಖಾಲಿ ಇದ್ದರೆ ಮರ್ಯಾದೆ ಹೋಗುತ್ತದೆ. ಆದ್ದರಿಂದ ತಾವು ನಿದ್ದೆ ಮಾಡುವಷ್ಟು ಹೊತ್ತೂ ಹನ್ನೊಂದು ಮಕ್ಕಳು ಕೈ ಕಟ್ಟಿಕೊಂಡು, ನಮ್ಮ ಅಡುಗೆ ಮನೆಯ ಕಡೆ ಮುಖ ಮಾಡಿಕೊಂಡು ಸಾಲಾಗಿ ಕೂತಿದ್ದವು. ಗಾಳಿಯೂ ಅಂದು ನಮ್ಮ ಮನೆ ಕಡೆಯಿಂದಲೇ ಬೀಸುತ್ತಿತ್ತು.

5. ತಾವು ಎದ್ದವರು, ನರಸಿಂಹರಾಜಪುರದಲ್ಲಿ ಟ್ರಾಂ ಗಾಡಿ ತಪ್ಪಿಹೋಗುತ್ತದೆಂದು ಅವಸರದಲ್ಲಿ ಎಲ್ಲರಿಗೂ ಒಂದೊಂದು ಲೆಕ್ಕ ಕೇಳಿದಿರಿ. ನನ್ನ ಮಗಳು ವೀರಮ್ಮನಿಗೆ ಬಂದದ್ದು: ಖಂಡುಗಕ್ಕೆ ಇಪ್ಪತ್ತು ಕೊಳಗವಾದರೆ ಮೂರೂಕಾಲು ಖಂಡುಗಕ್ಕೆ ಎಷ್ಟು ಕೊಳಗ? ಅವಳು ತಮ್ಮ ಮುಖ ನೋಡುತ್ತ ನಿಂತಳು. ತಾವು ಫೇಲ್ ಎಂದು ಬರೆದಿರಿ. ಮನೆಗೆ ಬಂದವಳು ಅಳಲಿಲ್ಲ. ರೊಟ್ಟಿ ಹಾಕಿಕೊಟ್ಟೆ. ಎರಡನೆಯ ರೊಟ್ಟಿ ಮುರಿಯುವಾಗ, ಯಾರೂ ಕೇಳದೆ, ತಾನಾಗಿ 'ಅರವತ್ತೈದು ಕೊಳಗ' ಎಂದಳು. ಆಮೇಲೆ ಅತ್ತಳು. ನನಗೂ ಕಣ್ಣಲ್ಲಿ ನೀರು ಬಂತು ಎನ್ನುವುದನ್ನು ಅರ್ಜಿಯಲ್ಲಿ ಬರೆಯಬಹುದೋ ಇಲ್ಲವೋ ತಿಳಿಯದು. ಬರೆದಿದ್ದೇನೆ.

6. ನಮ್ಮ ಅತ್ತೆ ಕಲ್ಲಮ್ಮನವರು ಅಂದೇ ತೀರ್ಮಾನ ಹೇಳಿಬಿಟ್ಟರು: "ಇನ್ನೊಂದು ವರ್ಷ ನೋಡ್ತೇನೆ. ಆಗ್ಲೂ ಫೇಲಾದ್ರೆ ಪುಸ್ತಕ ಅಟ್ಟಕ್ಕೆ, ಹುಡ್ಗಿ ಒಲೆ ಮುಂದಕ್ಕೆ." ನಮ್ಮ ಮನೆಯಲ್ಲಿ ಅತ್ತೆಯವರ ಮಾತಿನ ಮೇಲೆ ಅಪೀಲಿಲ್ಲ. ಆ ಇನ್ನೊಂದು ವರ್ಷ ಬರುವ ತಿಂಗಳಿಗೆ ಮುಗಿಯುತ್ತದೆ. ವೀರಮ್ಮ ಪಾಸಾದರೆ ಬಾಳೆಹೊನ್ನೂರಿನಲ್ಲಿ ನನ್ನ ತಾಯಿಯ ಮನೆಯಲ್ಲಿದ್ದು ಮುಂದೆ ಓದುತ್ತಾಳೆ. ಇಲ್ಲವಾದರೆ ಇಲ್ಲ. ಈ ಅರ್ಜಿಯಲ್ಲಿ ಉಳಿದದ್ದೆಲ್ಲ ಕಳಲೆಯ ವಿಷಯ. ಇದೊಂದು ಮಾತ್ರ ಮಗಳ ವಿಷಯ.

7. ಇನ್ನು ಸಮಿತಿಯ ಕಥೆ. ಹನ್ನೊಂದು ಮಕ್ಕಳು ಫೇಲಾದ ಬಗ್ಗೆ ಕಾರಣ ತಿಳಿಸಿ, ಸುಧಾರಣೆಗೆ ಕ್ರಮ ಕೈಗೊಳ್ಳಿ ಎಂದು ಮೇಲಿನಿಂದ ಸಮಿತಿಗೆ ಕಾಗದ ಬಂತು. ಜಗಲಿಯಲ್ಲಿ ಸಭೆ ಕೂತಿತು. ಕಾರಣ ಕಂಡುಹಿಡಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸಾಹೇಬರ ಊಟಕ್ಕೆ ಮುಂಚೆ ಪರೀಕ್ಷೆ ಕೊಟ್ಟವರು ಪಾಸು, ಊಟವಾದ ಮೇಲೆ ಕೊಟ್ಟವರು ಫೇಲು. ಮಧ್ಯದಲ್ಲಿ ಇರುವುದೇನು? ಊಟ. ಊಟದಲ್ಲಿ ಸಾಹೇಬರಿಗೆ ಹೊಸತು ಯಾವುದು? ಕಳಲೆ. ಅದು ಉಷ್ಣ ಪದಾರ್ಥ. ಉಷ್ಣದಿಂದ ಕೋಪ, ಕೋಪದಿಂದ ಫೇಲು. ಇಷ್ಟನ್ನೂ ಹೂವಪ್ಪನವರು ಬೆರಳು ಮಡಚಿ ತೋರಿಸಿದರು. ತಾವು ಗಾಡಿ ಹತ್ತುವಾಗ ಹೊಟ್ಟೆ ಸವರಿಕೊಂಡದ್ದನ್ನು ಕಣ್ಣಾರೆ ಕಂಡಿರುವುದಾಗಿ ಅಧ್ಯಕ್ಷರು ಹೇಳಿಕೆ ಕೊಟ್ಟರು. ಹೊಟ್ಟೆ ತುಂಬಿದವರೂ ಹೊಟ್ಟೆ ಸವರಿಕೊಳ್ಳುತ್ತಾರೆಂದು ನಾನು ಒಳಗಿನಿಂದ ಅಂದದ್ದನ್ನು ಸಭೆ ದಾಖಲೆ ಮಾಡಿಕೊಳ್ಳಲಿಲ್ಲ.

8. ನಿರ್ಣಯ ಈ ಪ್ರಕಾರ: 'ಇನ್ಸ್‌ಪೆಕ್ಟರವರ ಭೋಜನದಲ್ಲಿ ಉಷ್ಣ ಪದಾರ್ಥದ ಪ್ರಯೋಗವಾದ ಕಾರಣ ಫಲಿತಾಂಶ ಕೆಟ್ಟಿರುವುದಾಗಿ ಸಮಿತಿಯು ಮನಗಂಡು, ಮುಂದಕ್ಕೆ ಸದರಿ ಕಳಲೆಯನ್ನು ನಿಷೇಧಿಸಿ, ಭೋಜನವನ್ನು ಸುಧಾರಿಸತಕ್ಕದ್ದೆಂದು ಸರ್ವಾನುಮತದಿಂದ ನಿರ್ಣಯಿಸಿದೆ.' ಸರ್ವಾನುಮತ ಎಂದರೆ ನಮ್ಮ ಯಜಮಾನರೂ ಕೈ ಎತ್ತಿದರು. ಅವರು ಸಮಿತಿಯ ಮೆಂಬರು. ಯಾರು ಏನು ಹೇಳಿದರೂ ಆಯ್ತು ಎನ್ನುವ ಸ್ವಭಾವ, ಅದರಿಂದಲೇ ಮೆಂಬರಾದದ್ದು. ಅಂದು ಊಟಕ್ಕೆ ಅವರಿಗೆ ಬೇಕೆಂದೇ ಕಳಲೆ ಪಲ್ಯವನ್ನೇ ಬಡಿಸಿದೆ. ಪೂರಾ ಉಂಡರು. ಇನ್ನಷ್ಟು ಹಾಕು ಎಂದು ಎಲೆ ತೋರಿಸಿದರು.

9. ಮಾನ್ಯರೇ, ನಿರ್ಣಯ ಬಂದ ಮೇಲೆ ಊರಲ್ಲಿ ನನ್ನ ಸ್ಥಿತಿಯನ್ನು ಯೋಚಿಸಬೇಕು. ನೀರು ಸೇದಲು ಬಾವಿಗೆ ಹೋದರೆ, ಫೇಲಾದ ಮಕ್ಕಳ ತಾಯಂದಿರು ಕೊಡ ಎತ್ತಿಕೊಂಡು ಆಚೆ ಸರಿಯುವರು. ನನ್ನ ಮಗಳೂ ಫೇಲಾಗಿದ್ದಾಳಲ್ಲ ಎಂದರೆ, ಅಯ್ಯೋ ಪಾಪ, ಸ್ವಂತ ಮಗಳಿಗೂ ಹೀಗೆ ಮಾಡಿಬಿಟ್ಟೆಯಲ್ಲ ಎನ್ನುವರು. ಹೆತ್ತದ್ದೂ ನಾನೇ, ಫೇಲ್ ಮಾಡಿಸಿದ್ದೂ ನಾನೇ ಎಂದಾಯಿತು. ಇಲ್ಲಿ ಒಂದು ಮಾತು ಬರೆದಿದ್ದೆ. ಅಂಥ ಮಾತನ್ನು ಅರ್ಜಿಯಲ್ಲಿ ಬರೆಯಬಾರದೆಂದು ವೀರಮ್ಮ ಹೇಳಿದ್ದರಿಂದ ಹೊಡೆದುಹಾಕಿದ್ದೇನೆ.

10. ಅಡುಗೆಯವಳನ್ನು ಬದಲಿಸೋಣವೇ ಎಂಬ ಮಾತೂ ಒಮ್ಮೆ ಬಂತು. ಹಾಗಾದರೆ ಮೀಟಿಂಗಿನ ಕಾಫಿ ಯಾರು ಕೊಡುತ್ತಾರೆ ಎಂದು ಯಾರೋ ಕೇಳಿದರು. ವಿಷಯ ಅಲ್ಲಿಗೇ ಮುಗಿಯಿತು.

11. ಆಮೇಲೆ ಸುಧಾರಣೆ ಶುರುವಾಯಿತು. ದೀಪಾವಳಿ ಕಳೆದದ್ದೇ ತಡ, ಸಮಿತಿಯವರು ಆಗಾಗ ನಮ್ಮ ಮನೆಯಲ್ಲಿ ಮಾದರಿ ಊಟ ಮಾಡಿ, ಯಾವ ಪದಾರ್ಥ ಇನ್ಸ್‌ಪೆಕ್ಟರ್ ಸಾಹೇಬರ ಮನಸ್ಸನ್ನು ತಂಪಾಗಿಡುತ್ತದೆ ಎಂದು ಪರಿಶೀಲಿಸತೊಡಗಿದರು. ಹೋಳಿಗೆಯೋ ಕಡುಬೋ? ಶ್ಯಾವಿಗೆ ಪಾಯಸವೋ ಕಡಲೆಬೇಳೆ ಪಾಯಸವೋ? ಪಾಠದ ಹೊತ್ತಿನಲ್ಲಿ ಷಡಕ್ಷರಿ ಮೇಷ್ಟ್ರಿಗೆ ಕರೆ ಹೋಗುತ್ತಿತ್ತು. ಮೇಷ್ಟ್ರು ಕಮ್ಮರಡಿ ಕಡೆಯವರು, ಮೃದು ಮನುಷ್ಯ, ಲೆಕ್ಕ ಚೆನ್ನಾಗಿ ಹೇಳಿಕೊಡುತ್ತಾರೆ. ಅವರನ್ನು ಕೂರಿಸಿಕೊಂಡು, ಹೋದ ವರ್ಷ ಮಜ್ಜಿಗೆ ಬಡಿಸುವಾಗ ಸಾಹೇಬರ ಮುಖ ಹೇಗಿತ್ತು, ಹುಳಿ ಬಂದಾಗ ಹೇಗಿತ್ತು ಎಂದು ವಿಚಾರಣೆ. ಮಕ್ಕಳು ಏನು ಓದುತ್ತಿದ್ದಾರೆಂದು ಮಾತ್ರ ಒಬ್ಬರೂ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಒಲೆಯ ಮುಂದೆ ಕೂತು ನಾನು ಎಣಿಸುತ್ತಿದ್ದುದು ಒಂದೇ: ಹೋದ ವರ್ಷ ಐದು ಪದಾರ್ಥದ ಊಟಕ್ಕೆ ಸಾಹೇಬರು ಅಷ್ಟು ಹೊತ್ತು ಮಲಗಿದ್ದರೆ, ಈ ವರ್ಷ ಹೋಳಿಗೆ ಊಟಕ್ಕೆ ಎಷ್ಟು ಹೊತ್ತು ಮಲಗಬಹುದು? ಅಷ್ಟು ಹೊತ್ತೂ ಮಕ್ಕಳು ಉಪವಾಸ ಕೂರಬೇಕಲ್ಲ?

12. ಹೋದ ವಾರ ಪೂರ್ಣ ರಿಹರ್ಸಲ್ ಆಯಿತು. ಶಿವಶಂಕರಪ್ಪನವರೇ ಇನ್ಸ್‌ಪೆಕ್ಟರ್ ಸಾಹೇಬರಾದರು. ತಲೆಗೆ ಪೇಟ, ಮೈಗೆ ಮದುವೆಯ ಕೋಟು. ಎರಡು ಮಕ್ಕಳನ್ನು ಪ್ರಶ್ನೆ ಕೇಳಿ ಊಟಕ್ಕೆ ಬಂದರು. ಹೋಳಿಗೆ, ಕಾಯಿಹಾಲು, ಚಿತ್ರಾನ್ನ, ಎಣ್ಣೆಗಾಯಿ, ಮಜ್ಜಿಗೆ ಹುಳಿ, ಹಪ್ಪಳ, ಸಂಡಿಗೆ. ಕಳಲೆ ಇಲ್ಲ. ರುಚಿಯ ಪರಿಶೀಲನೆಗೆಂದು ಜೊತೆಗೆ ಹೂವಪ್ಪನವರು, ನಮ್ಮ ಯಜಮಾನರು, ಮೇಷ್ಟ್ರು ಸಹಾ ಉಂಡರು. ಸಮಿತಿಯ ಇನ್ನೊಬ್ಬ ಮೆಂಬರಾದ ಅಬ್ದುಲ್ ರಹಮಾನ್ ಸಾಹೇಬರು ಎರಡು ಬಾಳೆಹಣ್ಣು ತಿಂದು ಹಾಲು ಕುಡಿದರು. ಅಧ್ಯಕ್ಷರು, ಹೋದ ವರ್ಷ ತಾವು ಅಂದ ಹಾಗೆಯೇ, ಹತ್ತು ನಿಮಿಷ ಎಂದು ಜಗಲಿಯಲ್ಲಿ ಅಡ್ಡಾದರು. ರಿಹರ್ಸಲಿಗಾಗಿಯೇ ಅಡ್ಡಾದದ್ದು, ಆದರೆ ಗೊರಕೆ ನಿಜವಾದದ್ದು. ಅವರ ಪಕ್ಕದಲ್ಲಿ ಹೂವಪ್ಪನವರು, ಅವರ ಪಕ್ಕದಲ್ಲಿ ನಮ್ಮವರು. ಮಕ್ಕಳು ಯಥಾಪ್ರಕಾರ ಕೈ ಕಟ್ಟಿಕೊಂಡು ಎದುರು ಕೂತಿದ್ದವು. ಜಗಲಿಯಲ್ಲಿ ಎಚ್ಚರವಾಗಿದ್ದವರು ಅಬ್ದುಲ್ ರಹಮಾನ್ ಸಾಹೇಬರೊಬ್ಬರೇ. ಅವರು ಅಧ್ಯಕ್ಷರನ್ನೊಮ್ಮೆ, ಮಕ್ಕಳನ್ನೊಮ್ಮೆ ನೋಡುತ್ತಿದ್ದುದನ್ನು ನಾನು ಬಾಗಿಲ ಸಂದಿನಿಂದ ಕಂಡೆ.

13. ಹೊತ್ತು ಇಳಿದ ಮೇಲೆ ಅಧ್ಯಕ್ಷರು ಎದ್ದು, ಪೇಟ ಸರಿಮಾಡಿಕೊಂಡು, ಮೊದಲ ಪ್ರಶ್ನೆಯನ್ನು ವೀರಮ್ಮನಿಗೇ ಹಾಕಿದರು. ಅವಳು ಎದ್ದು ನಿಂತಳು. ನನಗೆ ಹೋದ ವರ್ಷದ್ದೆಲ್ಲ ಮತ್ತೆ ಕಣ್ಣಿಗೆ ಕಟ್ಟಿತು. ಈ ಸಲ ಅವಳು ಸುಮ್ಮನೆ ನಿಲ್ಲಲಿಲ್ಲ.

"ದೊಡ್ಡಪ್ಪ, ನೀವು ಮಲಗೋವಾಗ ಮಗ್ಗಿ, ಭಿನ್ನರಾಶಿ ಎಲ್ಲ ತಲೇಲಿತ್ತು. ಈಗ ಹೋಳಿಗೆ ವಾಸ್ನೆ ಬಿಟ್ರೆ ಎಂತದೂ ಇಲ್ಲ. ನಮಗೆಲ್ಲ ಹಸಿವಾಗ್ತಿದೆ. ಹೋದ ವರ್ಷಾನೂ ಹಿಂಗೇ ಆಗಿದ್ದು."

ಆಗ ಅಬ್ದುಲ್ ರಹಮಾನ್ ಸಾಹೇಬರು ಮೆಲ್ಲಗೆ ಅಂದರು: "ನಮ್ಮ ಜಹೀರಾ ಊಟಕ್ಕೆ ಮುಂಚೆ ಪಾಸಾದ್ಲು ಅಂತ ವರ್ಷ ಪೂರ್ತಿ ಹೇಳಿದ್ರಿ. ಇನ್ಸ್‌ಪೆಕ್ಟರ್ ಸಾಹೇಬರ ಊಟಕ್ಕೆ ಮುಂಚೆ, ಹೌದು. ಆದ್ರೆ ಅವಳು ಪಾಸಾಗಿದ್ದು ಅವಳ ಊಟ ಆದ್ಮೇಲೆ ಮಾರಾಯ್ರೇ. ಬೆಳಿಗ್ಗೆ ಮನೇಲಿ ರೊಟ್ಟಿ ತಿಂದು ಬಂದಿದ್ಲು."

14. ಹೂವಪ್ಪನವರು ಬೆರಳು ಮಡಚಲು ಹೋಗಿ ಬಿಟ್ಟುಬಿಟ್ಟರು. ಮೇಷ್ಟ್ರು ನೆಲ ನೋಡಿದರು. ಅಧ್ಯಕ್ಷರು ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವರು ಕೆಟ್ಟವರಲ್ಲ, ಮಾನ್ಯರೇ. ಮಕ್ಕಳೆಲ್ಲ ಮೊದಲು ಮನೆಗೆ ಹೋಗಿ ಉಣ್ಣಿರಿ, ಮನೆ ದೂರವಿದ್ದವರಿಗೆ ಇಲ್ಲೇ ಎಲೆ ಹಾಕಿಸುತ್ತೇನೆ ಎಂದರು. ಅಂದಿನ ಹೋಳಿಗೆ ಒಂದೂ ಉಳಿಯಲಿಲ್ಲ. ಆದರೆ ಪರೀಕ್ಷೆಯ ದಿನದ ಮಾತು ಬಂದಾಗ ಮತ್ತೆ ಹಿಂಜರಿದರು. ಸಾಹೇಬರಿಗಿಂತ ಮುಂಚೆ ಮಕ್ಕಳು ಉಂಡರು ಎಂದು ನಾಳೆ ಬಾಳೆಹೊನ್ನೂರಿನವರಿಗೆ ತಿಳಿದರೆ ಬಿದಿರುಮಕ್ಕಿಯವರಿಗೆ ಅತಿಥಿ ಸತ್ಕಾರ ಗೊತ್ತಿಲ್ಲ ಎಂದು ಆಡಿಕೊಳ್ಳುವುದಿಲ್ಲವೇ ಎಂದರು. ರೂಢಿಯನ್ನು ಸಮಿತಿ ಮುರಿಯಲಾಗದು; ಮೇಲಿನಿಂದ ಆರ್ಡರ್ ಬಂದರೆ ಬೇರೆ ಮಾತು. ವಿಷಯವನ್ನು ಮುಂದಿನ ಸಭೆಗೆ ಹಾಕಲಾಯಿತು. ಮುಂದಿನ ಸಭೆ ಇರುವುದು ಪರೀಕ್ಷೆಯಾದ ಮೇಲೆ.

15. ಮಾರನೆಯ ದಿನ ಅಧ್ಯಕ್ಷರು ನಮ್ಮ ಜಗಲಿಗೆ ಬಂದು, ನಾನು ಬಾಗಿಲ ಹಿಂದಿರುವುದು ತಿಳಿದೂ ತಿಳಿಯದವರ ಹಾಗೆ, ಕಂಬಕ್ಕೆ ಹೇಳಿದರು: "ಯಾರಾದ್ರೂ ಇನ್ಸ್‌ಪೆಕ್ಟರ್ ಸಾಹೇಬರಿಗೆ ಅರ್ಜಿ ಬರ್ದ್ರೆ ನಾನಂತೂ ಬೇಡ ಅನ್ನೋನಲ್ಲಪ್ಪ." ಹೋಗುವಾಗ ನಾಲ್ಕು ಹಾಳೆ ಬಿಳಿ ಕಾಗದವನ್ನು ಜಗಲಿಯಲ್ಲಿ ಮರೆತು ಹೋದರು. ಈ ಅರ್ಜಿ ಅದರ ಮೇಲೇ ಬರೆದದ್ದು. ಮೇಷ್ಟ್ರಿಗೂ ತಿಳಿಸಿದೆ. 'ನನಗೆ ತಿಳಿದಿಲ್ಲ ಎಂದು ಬರೆಯಿರಿ ತಾಯಿ' ಎಂದರು. ಆದ್ದರಿಂದ ಅವರಿಗೆ ತಿಳಿದಿಲ್ಲ.

ಮೇಲ್ಕಂಡ ಎಲ್ಲ ಕಾರಣಗಳಿಂದ ನನ್ನ ಬೇಡಿಕೆ ಈ ಕೆಳಗಿನಂತಿದೆ:

(ಅ) ತಾವು ಬರುವ ದಿನ, ಊಟದ ಹೊತ್ತಿಗೆ ಮಕ್ಕಳನ್ನು ಮೊದಲು ಮನೆಗೆ ಬಿಡಬೇಕೆಂದೂ, ಅವರು ಉಂಡು ಬಂದ ಮೇಲೆಯೇ ತಾವು ಎಲೆಯ ಮುಂದೆ ಕೂರುವುದೆಂದೂ ಸಮಿತಿಗೆ ಒಂದು ಆರ್ಡರ್ ಕಳಿಸಬೇಕು. ಆರ್ಡರ್ ಖಡಕ್ಕಾಗಿ ಇರಲಿ. ಅಧ್ಯಕ್ಷರು ಅದನ್ನು ಬಾಳೆಹೊನ್ನೂರಿನವರಿಗೆ ತೋರಿಸಬೇಕಾಗುತ್ತದೆ.

(ಆ) ಅಂದು ನಾನು ಕಳಲೆ ಪಲ್ಯವನ್ನೇ ಮಾಡುತ್ತೇನೆ. ತಾವು ಹೋದ ವರ್ಷದಷ್ಟೇ ಉಣ್ಣಬೇಕು, ಕಡಿಮೆ ಮಾಡಬಾರದು. ಬೇಕಾದರೆ ಮಲಗಬಹುದು. ಅನಂತರವೇ ವೀರಮ್ಮನನ್ನು ಪರೀಕ್ಷೆ ಮಾಡಬೇಕು. ಕಳಲೆ ಉಂಡ ಇನ್ಸ್‌ಪೆಕ್ಟರಿಂದ, ಅನ್ನ ಉಂಡ ಹುಡುಗಿ ಪಾಸಾದರೆ ಬಾವಿಕಟ್ಟೆಯ ಮಾತು ತಾನಾಗಿ ನಿಲ್ಲುತ್ತದೆ.

(ಇ) ಅವಳಿಗೆ ಸುಲಭದ ಲೆಕ್ಕ ಕೊಡಬಾರದು. ಅರ್ಜಿ ಬರೆದವಳ ಮಗಳೆಂದು ದಾಕ್ಷಿಣ್ಯ ಮಾಡಬಾರದು. ಹಾಗೆ ಪಾಸಾದರೆ ಪಾಸಾದದ್ದು ನಾನಾಗುತ್ತೇನೆ, ಅವಳಲ್ಲ.

(ಈ) ಇಷ್ಟಾಗಿಯೂ ಅವಳು ಫೇಲಾದರೆ, ಫೇಲ್ ಎಂದಷ್ಟೇ ಬರೆದು ಹೋಗಬಾರದು. ಯಾವ ಲೆಕ್ಕ ಬರಲಿಲ್ಲ ಎಂಬುದನ್ನೂ ಬರೆದು, ಅದನ್ನು ಅವಳ ಕೈಗೇ ಕೊಡಬೇಕು. ತನಗೆ ಗೊತ್ತಿಲ್ಲದ್ದಕ್ಕೆ ಫೇಲಾದರೆ ಹುಡುಗಿ ಅದನ್ನು ಕಲಿತುಕೊಳ್ಳುತ್ತಾಳೆ. ಅತ್ತೆಯವರ ಕಾಲು ಹಿಡಿದಾದರೂ ಇನ್ನೊಂದು ವರ್ಷ ನಾನು ಕೇಳಿಕೊಳ್ಳುತ್ತೇನೆ. ದೊಡ್ಡವರು ಉಂಡು ಮಲಗಿದ್ದಕ್ಕೆ ಫೇಲಾದರೆ ಅವಳು ಏನನ್ನು ಕಲಿಯಬೇಕು, ಮಾನ್ಯರೇ? ಹೋದ ವರ್ಷದಿಂದ ಅವಳು ನನ್ನನ್ನು ಇದೇ ಕೇಳುತ್ತಿದ್ದಾಳೆ. ನನ್ನಲ್ಲಿ ಉತ್ತರವಿಲ್ಲದ ಕಾರಣ ತಮಗೆ ಬರೆದಿದ್ದೇನೆ.

ತಮ್ಮ ವಿಶ್ವಾಸಿ, ಹಾಗೂ ತಮಗೆ ಎರಡು ಸಲ ಬಡಿಸಿದವಳಾದ,
ಶಂಕರಮ್ಮ

ಲಗತ್ತುಗಳು:
1. ಸಮಿತಿಯ ನಿರ್ಣಯದ ನಕಲು. ಕಾಫಿಯ ಕಲೆ ಮೂಲದಲ್ಲಿಯೂ ಇದೆ.
2. ವೀರಮ್ಮ ಈ ವಾರ ಮಾಡಿದ ಐದು ಲೆಕ್ಕಗಳು. ನಾಲ್ಕನೆಯದು ತಪ್ಪಿದೆ. ತಿದ್ದಿಸಿಲ್ಲ. ಅದನ್ನು ಮಾಡುವಾಗ ಅವಳ ಹೊಟ್ಟೆ ತುಂಬಿತ್ತು.
3. ಕಳಲೆ ಉಪ್ಪಿನಕಾಯಿ, ಒಂದು ಭರಣಿ. ಇದು ಲಂಚವಲ್ಲ, ಸಾಕ್ಷಿ. ಊಟದ ಜೊತೆ ಪರಿಶೀಲಿಸಬೇಕು.

ವಿಶೇಷ ಸೂಚನೆ: ಪರಿಶೀಲನೆ ಮುಗಿದ ಕೂಡಲೇ ಭರಣಿಯನ್ನು ತೊಳೆದು ಹಿಂದಕ್ಕೆ ಕಳಿಸುವ ಕೃಪೆಯಾಗಬೇಕು. ಮಾವಿನ ಮಿಡಿ ಬರುವ ಕಾಲವಾಯಿತು.